ಕರಡಿ ಬಿತ್ತೋ, ಮನುಷ್ಯ ಬಿದ್ದನೋ

ಆಶಪ್ಪನ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ನನ್ನನ್ನು ನೋಡಲು ಗಂಡಿನವರು ಬಂದ ದಿನ. ಗುಂಡುಮಾಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿ ಅವರನ್ನು ಕೂಡಿಸಿದ್ದರು. ಗಂಡು ಮೈಲಾರಪ್ಪ, ಮಕ್ತಲ್ ಕಡೆಯ ಕುರಿಗಾರ. ಎತ್ತರದ ಆಳು, ಆದರೆ ಎಡಗಣ್ಣು ಇಲ್ಲ. ಆ ಜಾಗ ಹೊಲಿದ ಚೀಲದ ಬಾಯಿಯಂತೆ ಮುದುಡಿತ್ತು. ನಮ್ಮಪ್ಪ ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿ ನೇರವಾಗಿ ಕೇಳಿದ.

"ಕಣ್ಣಿಗಿ ಏನಾತಪಾ?"

"ಆಶಪ್ಪ ಹೊಡದ್ರಿ. ನಮ್ಮೂರಾವ, ನನ್ನ ವಾರಿಗಿಯವ, ಒಂದ ವಯಸ್ಸು. ಸಣ್ಣವರಿದ್ದಾಗ ಕಲ್ಲಿಲೆ ಹೊಡದ."

"ಕುರಿ ಸಲುವಾಗೇನು?"

"ಇಲ್ರಿ. ಪುಸ್ತಕದ ಸಲುವಾಗಿ."

"ನಿನಗ ಓದಾಕ ಬರ್ತದೇನು?"

"ಇಲ್ರಿ."

"ಆ ಆಶಪ್ಪಗ?"

"ಅವಗೂ ಬರಂಗಿಲ್ರಿ."

ನಮ್ಮಪ್ಪ ತೊಡೆ ತಟ್ಟಿ ನಕ್ಕ. ಬಾಗಿಲ ಮರೆಯಲ್ಲಿದ್ದ ನಾನೂ ನಕ್ಕೆ. ಮೂರನೇ ಇಯತ್ತೆ ತನಕ ಸಾಲೆಗೆ ಹೋದ ನನಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಓದಲು ಬರದ ಇಬ್ಬರು ಒಂದು ಪುಸ್ತಕಕ್ಕಾಗಿ ಕಣ್ಣು ತೆಗೆಯುವಷ್ಟು ಹೊಡೆದಾಡುತ್ತಾರೆಂದರೆ ನಗದೆ ಏನು ಮಾಡುವುದು?

ಲಗ್ನವಾದ ಮೇಲೆ ಕಥೆ ಪೂರ್ತಿ ಗೊತ್ತಾಯಿತು. ಅವರ ಊರ ಗೌಡರ ಮಗ ಶಿವಶಂಕರಪ್ಪನಿಗೆ ತಿಂಗಳಿಗೊಂದು ಮಕ್ಕಳ ಪುಸ್ತಕ ಟಪಾಲಿನಲ್ಲಿ ಬರುತ್ತಿತ್ತು. ಒಳಗೆಲ್ಲ ಬಣ್ಣದ ಚಿತ್ರ. ಅವನು ಅದನ್ನು ಹಿಡಿದು ಬಾವಿಯ ಕಟ್ಟೆ ಮೇಲೆ ಕೂರುವನು. ಕುರಿಗೆ ನೀರು ಕುಡಿಸಲು ಬಂದ ಹುಡುಗರು ಕತ್ತು ಚಾಚಿದರೆ ಪುಸ್ತಕ ಮುಚ್ಚಿ, "ಹೊಡದಾಡ್ರಿ. ಗೆದ್ದಾವಗ ಒಂದು ಪುಟ," ಎನ್ನುವನು. ಮೈಲಾರಪ್ಪ, ಆಶಪ್ಪ ಒಂದೇ ಬುತ್ತಿ ಬಿಚ್ಚಿ ಉಣ್ಣುವ ಗೆಳೆಯರು. ಒಂದೊಂದು ಪುಟಕ್ಕೂ ಮೂಗು ತುಟಿ ಒಡೆದುಕೊಂಡರು. ಗೆದ್ದವನು ಸಂಜೆ ಕುರಿಯ ಹಿಂದೆ ಬರುವಾಗ ತಾನು ನೋಡಿದ ಚಿತ್ರವನ್ನು ಸೋತವನಿಗೆ ಹೇಳುತ್ತಿದ್ದ. ಹಾಗೆ ಇಬ್ಬರೂ ಕೂಡಿ ಪುಸ್ತಕ ನೋಡುತ್ತಿದ್ದರು.

ಒಂದು ತಿಂಗಳ ಪುಸ್ತಕದ ಮೇಲೆ ಹಳದಿ ಆನೆ ಇತ್ತು, ಸೊಂಡಿಲಲ್ಲಿ ನೀಲಿ ಕೊಡೆ ಹಿಡಿದಿತ್ತು. ಒಳಗೆ ಕಟ್ಟಿಗೆ ಕಡಿಯುವವನ ಕಥೆ. ಹಳ್ಳದ ಮೇಲೆ ಒಂದೇ ಒಂದು ಮರದ ದಿಮ್ಮಿ. ಈ ಕಡೆಯಿಂದ ಕೊಡಲಿ ಹಿಡಿದ ಮನುಷ್ಯ, ಆ ಕಡೆಯಿಂದ ಕರಡಿ, ನಟ್ಟನಡುವೆ ಎದುರುಬದುರು. ಆ ಚಿತ್ರವನ್ನು ಶಿವಶಂಕರಪ್ಪ ಇಬ್ಬರಿಗೂ ತೋರಿಸಿ, "ಯಾರು ಬಿದ್ರು ಅನ್ನೂದು ಮುಂದಿನ ಪುಟದಾಗ ಐತಿ. ಬರ್ರಿ ಮತ್ತ," ಎಂದ.

ಆ ದಿನ ಮೈಲಾರಪ್ಪ ಆಶಪ್ಪನ ಎದೆ ಮೇಲೆ ಕೂತು ಬಾಯಿಗೆ ಮಣ್ಣು ತುರುಕಿದ. ಉಸಿರು ಕಟ್ಟಿ ಒದ್ದಾಡುತ್ತಿದ್ದ ಆಶಪ್ಪನ ಕೈಗೆ ಕಲ್ಲು ಸಿಕ್ಕಿತು. ಒಂದೇ ಏಟು. ಕಣ್ಣು ಕೆನ್ನೆಗೆ ಇಳಿಯಿತು. ರಕ್ತ ನೋಡಿ ಶಿವಶಂಕರಪ್ಪ ಪುಸ್ತಕ ಮುಚ್ಚಿ ಮನೆಗೆ ಓಡಿದ. ಮುಂದಿನ ಪುಟವನ್ನು ಇಬ್ಬರೂ ನೋಡಲಿಲ್ಲ.

ಆದರೆ ನನ್ನ ಗಂಡ ತಾನು ನೋಡಿದೆ ಎಂದೇ ಸಾಧಿಸಿದ. "ಗಾಳಿಗಿ ಹಾಳಿ ಹೊಳ್ಳಿತು. ಉಳದ ಕಣ್ಣಿಲೆ ನೋಡೀನಿ. ಕರಡಿ ಬಿತ್ತು, ಮನಿಷಾ ಗೆದ್ದ," ಎನ್ನುತ್ತಿದ್ದ. ಆಶಪ್ಪ ಒಪ್ಪಲಿಲ್ಲ. ಅಷ್ಟು ದೊಡ್ಡ ಕರಡಿಯ ಮುಂದೆ ಮನುಷ್ಯ ನಿಲ್ಲುವುದುಂಟೇ ಎಂಬುದು ಅವನ ವಾದ.

ಅದೊಂದೇ ಮಾತಿಗೆ ಇಬ್ಬರೂ ಮುದುಕರಾಗುವತನಕ ಹೊಡೆದಾಡಿದರು. ಮಕ್ತಲ್‌ನ ಕುರಿ ಸಂತೆಯಲ್ಲಿ ಒಬ್ಬನು "ಕರಡಿ ಬಿತ್ತು" ಎಂದು ಕೂಗಿದರೆ ಸಾಕು, ಇನ್ನೊಬ್ಬನು ಕೈಯಲ್ಲಿದ್ದ ಹಗ್ಗ ಬಿಟ್ಟು ಬರುವನು. ನನ್ನ ಗಂಡನ ಮುಂದಿನ ಹಲ್ಲು ಹೋದವು. ಆಶಪ್ಪನ ಕಿವಿಯ ಹಾಲೆಯನ್ನು ನನ್ನ ಗಂಡ ಕಚ್ಚಿ ಹರಿದು ಉಗುಳಿದ. ಒಮ್ಮೆ ನಾರಾಯಣಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರನ್ನೂ ಪೊಲೀಸರು ಒಂದೇ ಕಂಬಕ್ಕೆ ಕಟ್ಟಿದರು. ಕಟ್ಟಿದ ಮೇಲೂ ಒದೆಯುತ್ತಿದ್ದರಂತೆ.

ಆಶಪ್ಪ ಒಳ್ಳೆಯವನು ಎಂದು ನಾನು ಹೇಳಲಾರೆ. ಹೆಂಡತಿ ಒಂದೇ ವರ್ಷಕ್ಕೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕುರಿ ವ್ಯಾಪಾರದಲ್ಲಿ ಮಾತ್ರ ಅವನ ಕೈಗೆ ಮರ್ಯಾದೆ ಇತ್ತು. ನಮ್ಮವರು ಟವೆಲಿನ ಅಡಿ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಅಂಗೈಗೆ ಅಂಗೈ ತಟ್ಟಿತೆಂದರೆ ಮುಗಿಯಿತು, ಆ ಕುರಿಗೆ ಬೇರೆ ಯಾರೂ ಬೆಲೆ ಹೇಳಬಾರದು. ಹೇಳಿದವನು ಕಳ್ಳ. ಕೊಂಡವನು ಕೂಡಲೇ ಕೆಮ್ಮಣ್ಣು ಕಲಸಿ ಕುರಿಯ ಬೆನ್ನಿಗೆ ಬಳಿಯುತ್ತಾನೆ. ಆಶಪ್ಪನ ಗುರುತು ಮೂರು ಬೆರಳಿನ ಗೀರು.

ನನ್ನ ಗಂಡ ಜ್ವರ ಬಂದು ಸತ್ತ. ಮಣ್ಣು ಮಾಡಿ ಇನ್ನೂ ಮನೆ ಸಾರಿಸಿರಲಿಲ್ಲ, ಆಶಪ್ಪ ಹೊಸ್ತಿಲಿಗೆ ಬಂದು ನಿಂತ. ನಾನು ಒನಕೆ ತಗೊಂಡು ಹೆಗಲ ಮೇಲೆ ಬಾರಿಸಿದೆ. ಅವನು ಕದಲಲಿಲ್ಲ.

"ಇನ್ನೊಂದು ಹೊಡಿ, ತಂಗಿ. ಹೊಡದು ಆಮ್ಯಾಗ ಹೇಳು. ಸಾಯೂ ಮುಂದ ಏನರ ಅಂದನೇನು?"

"ಏನಂತಾನ? ಕರಡಿ ಬಿತ್ತು ಅಂದ."

ಆಶಪ್ಪ ಹೊಸ್ತಿಲಲ್ಲೇ ಕುಸಿದು ಕೂತ. "ಸುಳ್ಳ ಹೇಳಿದ್ರ ಸಾಯೂ ಮುಂದರ ಬಿಡತಿದ್ದ. ಖರೇ ನೋಡ್ಯಾನೇನ ಮಗ," ಎಂದು ತಲೆ ತುರಿಸಿಕೊಂಡ. ಆ ದಿನದಿಂದ ಅವನಿಗೆ ಆ ಪುಸ್ತಕದ ಹುಚ್ಚು ಹಿಡಿಯಿತು.

ಶಿವಶಂಕರಪ್ಪ ಯಾವಾಗಲೋ ತೀರಿಹೋಗಿದ್ದ, ಗೌಡರ ಮನೆಯ ಕಾಗದ ಪತ್ರವೆಲ್ಲ ರದ್ದಿಗೆ ಹೋಗಿತ್ತು. ಕುರಿಯ ಫೋಟೋ ಕಳಿಸಲೆಂದು ಆಶಪ್ಪ ದೊಡ್ಡ ಫೋನು ಇಟ್ಟಿದ್ದ. ಮಕ್ತಲ್‌ನ ಚಹಾದಂಗಡಿಯಲ್ಲಿ ಯಾರೋ ಅವನನ್ನು ವಾಟ್ಸಾಪಿನ ಒಂದು ಗುಂಪಿಗೆ ಸೇರಿಸಿದರು. ಅಲ್ಲಿ ಹಳೇ ಮಕ್ಕಳ ಪುಸ್ತಕ, ತಗಡಿನ ರೈಲು, ಬಿಸ್ಕೀಟಿನ ಡಬ್ಬಿ, ಸಾಲೆಯ ಗಂಟೆ ಎಲ್ಲ ಪ್ರತಿ ಆದಿತ್ಯವಾರ ಹರಾಜಿಗೆ ಬರುತ್ತಿದ್ದವು. ನನಗೂ ತಂದು ತೋರಿಸಿದ.

"ನೋಡು ತಂಗಿ, ಲಿಲಾವು. ಇವರಿಗಿ ಕೈಯೂ ಇಲ್ಲ, ಟವಲೂ ಇಲ್ಲ. ಮಂದಿ ಮುಂದನ ಬೆಲಿ ಹೇಳತಾರ, ನಾಚಿಕಿಲ್ಲದವರು."

ಓದಲು ಬಾರದವನು ಆನೆ ಕಂಡ ಪುಸ್ತಕವನ್ನೆಲ್ಲ ಕೊಂಡ. ಟಗರು ಮಾರಿ ಕೊಂಡ. ಟಪಾಲಿನಲ್ಲಿ ಬಂದ ಕೂಡಲೇ ಕೆಮ್ಮಣ್ಣು ಕಲಸಿ ಮೇಲೆ ಮೂರು ಬೆರಳಿನ ಗೀರು ಎಳೆದ. ಕೊಂಡದ್ದಕ್ಕೆ ಗುರುತು ಬೇಡವೇ? ಕೊಂಡ ಪುಸ್ತಕಗಳನ್ನು ಸಾಲಾಗಿ ಇಟ್ಟು ಹೆಮ್ಮೆಯಿಂದ ಫೋಟೋ ತೆಗೆದು ಗುಂಪಿಗೆ ಹಾಕಿದ. ಅಲ್ಲಿಯವರು ಉರಿದುಬಿದ್ದರು. ಗುಂಪಿನಲ್ಲಿದ್ದ ಗದ್ವಾಲದ ಸುರೇಂದರ್ ಎಂಬವನು, "ಇವನ ಕೈ ಕಡಿಬೇಕು. ಲಕ್ಷಣವಾದ ಪುಸ್ತಕ ಕೆಡಿಸ್ಯಾನ," ಎಂದು ದನಿ ಕಳಿಸಿದ. ಆಶಪ್ಪ ಅದನ್ನು ನನಗೆ ಕೇಳಿಸಿ, "ಬರಲಿ, ಕಡಿಲಿ," ಎಂದ.

ಒಂದು ಆದಿತ್ಯವಾರ ಹಳದಿ ಆನೆ ಬಂತು, ನೀಲಿ ಕೊಡೆ ಹಿಡಿದುಕೊಂಡು. ಆಶಪ್ಪ ನಮ್ಮ ಅಂಗಳಕ್ಕೆ ಓಡಿ ಬಂದು ಫೋನಿನಲ್ಲಿ ಬೆಲೆ ಹೇಳಿದ. ಇದ್ದವರೆಲ್ಲ ಸುಮ್ಮನಾದರು. ಅವನದೇ ಮೇಲುಬೆಲೆ ನಿಂತಿತು. ಆಶಪ್ಪ ನನ್ನ ಅಂಗೈಗೆ ಅಂಗೈ ತಟ್ಟಿ, "ಮುಗೀತು. ನಂದು," ಎಂದು ಫೋನು ಮಂಚದ ಮೇಲೆ ಒಗೆದು ಚಹಾ ಕುಡಿಯಲು ಕೂತ. ಹರಾಜಿನ ಹೊತ್ತು ಮುಗಿಯುವತನಕ ಕಾಯಬೇಕು ಎಂಬುದು ಅವನಿಗೆ ತಿಳಿಯದು, ನನಗೂ ತಿಳಿಯದು. ಚಹಾ ಮುಗಿಸಿ ನೋಡಿದರೆ ಸುರೇಂದರ್ ಕೊನೇ ಗಳಿಗೆಯಲ್ಲಿ ಸ್ವಲ್ಪ ಏರಿಸಿ ತಗೊಂಡುಬಿಟ್ಟಿದ್ದ.

"ತಟ್ಟಿದ ಕೈ ಮ್ಯಾಗ ಕೈ ಹಾಕ್ಯಾನ, ಕಳ್ಳ ಸೂಳೆಮಗ," ಎಂದು ಆಶಪ್ಪ ಎದ್ದ. ಆಮೇಲೆ ಆ ಸಿಟ್ಟನ್ನು ನುಂಗಿಕೊಂಡು, ಪುಸ್ತಕ ಅವನಿಗೆ ಮುಟ್ಟುವತನಕ ಕಾದ. ಕಾದು, ಕುರಿ ಕೋಲು ತಗೊಂಡು ನನ್ನ ಬಾಗಿಲಿಗೆ ಬಂದ.

"ಗದ್ವಾಲಕ್ಕ ಹೊಂಟೀನಿ. ಪುಸ್ತಕ ಬ್ಯಾಡ, ಆ ಒಂದು ಪುಟ ತೋರಿಸಿದ್ರ ಸಾಕು. ಅಕ್ಷರ ಇದ್ರ ನನಗ ಬರಂಗಿಲ್ಲ. ಬಾ."

ಹೋದೆ. ನನ್ನ ಗಂಡನ ಕಣ್ಣು ಯಾವುದಕ್ಕೆ ಹೋಯಿತೆಂದು ನನಗೂ ನೋಡಬೇಕಿತ್ತು.

ಕೃಷ್ಣೆ ದಾಟಿ ಗದ್ವಾಲದಲ್ಲಿ ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಸುರೇಂದರ್‌ನದು ಸಿಮೆಂಟಿನ ಅಂಗಡಿ. ಹಿಂದಿನ ಕೋಣೆಯ ತುಂಬ ಗಾಜಿನ ಕಪಾಟು, ಒಳಗೆ ಪ್ಲಾಸ್ಟಿಕ್ ಸುತ್ತಿದ ಪುಸ್ತಕಗಳು, ತಗಡಿನ ಆಟಿಗೆಗಳು. ಹಳದಿ ಆನೆ ಎದುರಿಗೇ ನಿಂತಿತ್ತು.

"ಎರ್ರಮಟ್ಟಿ ಪೆದ್ದಾಯನ ನುವ್ವೇನಾ?" ಎಂದು ತೆಲುಗಿನಲ್ಲಿ ನಕ್ಕ ಸುರೇಂದರ್. ಕೆಮ್ಮಣ್ಣಿನ ಮುದುಕ ನೀನೇನಾ ಎಂದು. "ಮುಟ್ಟಬ್ಯಾಡ ಮತ್ತ. ದೂರ ನಿಂದ್ರು."

"ಮುಟ್ಟಂಗಿಲ್ರಿ. ನೀವ ತಗದು ಒಂದು ಪುಟ ತೋರಸ್ರಿ. ಕರಡಿ ದಿಮ್ಮಿ ಮ್ಯಾಗ ನಿಂತದ್ದರ ಮುಂದಿಂದು."

"ಕವರ್ ಬಿಚ್ಚಿದ್ರ ಬೆಲೆ ಇಳಿತೈತಿ."

"ನಾನು ಮುದುಕದೀನ್ರಿ. ಕೈ ಮುಗಿತೀನಿ."

ಸುರೇಂದರ್ ತನ್ನ ಆಳುಗಳಿಬ್ಬರ ಕಡೆ ಕಣ್ಣು ಹೊಡೆದು ಫೋನು ಮೇಲೆತ್ತಿ ಹಿಡಿದ. "ಕಿವಿ ಹಿಡಕೊಂಡು ಬಸ್ಕಿ ಹೊಡಿ. ಇನ್ನ ಮ್ಯಾಗ ಪುಸ್ತಕಕ್ಕ ಮಣ್ಣು ಹಚ್ಚಂಗಿಲ್ಲ ಅನ್ನು. ತೋರಸ್ತೀನಿ."

ಸಂತೆಯಲ್ಲಿ ಯಾರಿಗೂ ತಲೆ ತಗ್ಗಿಸದವನು ಕೋಲನ್ನು ನನ್ನ ಕೈಗೆ ಕೊಟ್ಟ. ಒಂದು ಕಿವಿಯ ಹಾಲೆ ಇಲ್ಲವಲ್ಲ, ಉಳಿದ ಚೂರನ್ನೇ ಹಿಡಿದು ಕೂತ, ಎದ್ದ, ಕೂತ. ಮೊಣಕಾಲು ಕಟಕಟ ಎನ್ನುತ್ತಿತ್ತು. ಆಳುಗಳು ಸಿಳ್ಳೆ ಹಾಕಿದರು. ಕೊನೆಗೆ ನೆಲಕ್ಕೆ ಕೈ ಊರಿ ಎದ್ದು, "ಈಗ ತೋರಸ್ರಿ," ಎಂದ.

"ಗುಂಪಿಗಿ ಹಾಕ್ತೀನಿ ತಡಿ. ಮಂದಿ ನೋಡಿ ನಗಲಿ. ಆಮ್ಯಾಗ ಯೋಚನಿ ಮಾಡೂಣು."

ಆಶಪ್ಪ ನನ್ನ ಕೈಯಿಂದ ಕೋಲು ಕಿತ್ತುಕೊಂಡ. ಮೊದಲನೇ ಏಟಿಗೆ ಫೋನು ಹಾರಿತು, ಫೋನು ಹಿಡಿದ ಮಣಿಕಟ್ಟು ಮುರಿದ ಸಪ್ಪಳ ನನಗೆ ಕೇಳಿಸಿತು. ಎರಡನೆಯದು ಕಪಾಟಿಗೆ. ಗಾಜು ಸುರಿಯಿತು. ಸುರಿಯುವ ಗಾಜಿನೊಳಗೇ ಕೈ ತೂರಿಸಿ ಪುಸ್ತಕ ಎಳೆದ. ಮೊಣಕೈತನಕ ಚರ್ಮ ಸುಲಿದುಹೋಯಿತು. "ಓದು!" ಎಂದು ನನ್ನ ಕಡೆಗೆ ಎಸೆದ. ಅಷ್ಟರಲ್ಲಿ ಒಬ್ಬ ಆಳು ಶಟರ್ ಎಳೆಯುವ ಕಬ್ಬಿಣದ ಸಲಾಕೆ ಹಿಡಿದು ಬಂದು ಅವನ ತಲೆಗೆ ಹೊಡೆದ. ತೆಂಗಿನಕಾಯಿ ಒಡೆದಂತಾಯಿತು. ಬಿದ್ದವನನ್ನು ಮತ್ತೆ ಮುಖದ ಮೇಲೆ ಹೊಡೆದ. ಇನ್ನೊಬ್ಬ ನನ್ನ ಮುಡಿ ಹಿಡಿದು ಪುಸ್ತಕ ಜಗ್ಗಿದ. ನಾನು ಅವನ ಹೆಬ್ಬೆರಳನ್ನು ಹಲ್ಲಿಗೆ ಸಿಕ್ಕಿಸಿ ಬಿಡಲಿಲ್ಲ. ಬಾಯೆಲ್ಲ ಅವನ ರಕ್ತ. ಅವನ ಕೂಗಿಗೆ ರಸ್ತೆಯ ಜನ ನುಗ್ಗಿದರು, ಆಗ ಕೈ ಬಿಟ್ಟರು.

ಆಶಪ್ಪನನ್ನು ಅಂಗಡಿಯ ಮೆಟ್ಟಿಲ ಮೇಲೆ ಎಳೆದು ತಂದು ಮಲಗಿಸಿದೆವು. ಯಾರೋ ನೂರಾಎಂಟಕ್ಕೆ ಫೋನು ಮಾಡಿದರು. ಅವನ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು. ಗಾಡಿ ಬಂದು ಅವನನ್ನು ಒಳಗೆ ಹಾಕಿದಾಗ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನೂ ಹತ್ತಿದೆ. ಆಮೇಲೆ ಅದನ್ನು ಪೊಲೀಸರು ಒಯ್ದರು, ಈಗಲೂ ಅವರಲ್ಲೇ ಇದೆ. ಸಲಾಕೆಯವನು ಜೈಲಿನಲ್ಲಿದ್ದಾನೆ. ಸುರೇಂದರ್ ಅಂಗಡಿ ತೆರೆದಿದ್ದಾನಂತೆ.

ಗಾಡಿ ಹೊಳೆಯಾಚೆಯ ದೊಡ್ಡ ದವಾಖಾನೆಗೆ ಹೊರಟಿತು. ನಾನು ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದೆ.

"ಸಿಕ್ಕಿತೇನು?" ಎಂದ ಆಶಪ್ಪ.

"ದಿಮ್ಮಿ ಸಿಕ್ಕಿತು. ಮನಿಷಾ ಅದಾನ, ಕರಡಿ ಐತಿ."

"ಹೊಳ್ಳಸು."

ಹಾಳೆ ಹೊರಳಿಸಿದೆ. ಮುಂದಿನ ಪುಟದಲ್ಲಿ ಒಂದು ಗುಂಡು ಮುಖದ ಹುಡುಗ ಹಲ್ಲು ಕಿರಿದು ಕೂತಿದ್ದ, ಕೈಯಲ್ಲಿ ಹಲ್ಲುಪುಡಿಯ ಡಬ್ಬಿ. ಕರಡಿಯೂ ಇಲ್ಲ, ಮನುಷ್ಯನೂ ಇಲ್ಲ. ತಿರುಗಿ ಹಿಂದಿನ ಪುಟಕ್ಕೆ ಬಂದೆ. ದಿಮ್ಮಿಯ ಕೆಳಗೆ, ಮೂಲೆಯಲ್ಲಿ, ಸಣ್ಣ ಅಕ್ಷರವಿತ್ತು. ಗಾಡಿಯ ಕುಲುಕಾಟದಲ್ಲಿ ಕೂಡಿಸಿ ಕೂಡಿಸಿ ಓದಿದೆ. ಯಾರು ಬಿದ್ದರು, ಮುಂದಿನ ತಿಂಗಳು ನೋಡಿರಿ.

"ಅಂದ್ರ?"

"ಅಂದ್ರ ಈ ಪುಸ್ತಕದಾಗ ಇರಲೇ ಇಲ್ಲ, ಯಣ್ಣಾ. ಮುಂದಿನ ಪುಟದಾಗ ಹಲ್ಲುಪುಡಿ ಐತಿ."

ಅವನನ್ನು ಅಣ್ಣ ಎಂದು ಕರೆದದ್ದು ಅದೇ ಮೊದಲು. ಅವನ ತಲೆ ಪಕ್ಕಕ್ಕೆ ವಾಲಿತು. ಸತ್ತನೇನೋ ಎಂದು ಎದೆ ಮುಟ್ಟಿದೆ.

"ಆ ಗೌಡರ ಮಗಗ ಗೊತ್ತಿತ್ತೇನು?" ಎಂದ.

"ಅವಗ ಓದಾಕ ಬರ್ತಿತ್ತಲ್ಲ. ಗೊತ್ತೇ ಇರಬೇಕು."

ಆಶಪ್ಪನ ಮೂಗಿನಿಂದ ರಕ್ತದ ಗುಳ್ಳೆ ಎದ್ದು ಒಡೆಯಿತು. ನಗುತ್ತಿದ್ದನೋ ಅಳುತ್ತಿದ್ದನೋ ಆ ಮುಖದಲ್ಲಿ ತಿಳಿಯುವಂತಿರಲಿಲ್ಲ.

"ಮೈಲಾರ್ಯಾ ನೋಡಿಲ್ಲ ಹಂಗಾರ. ಕಣ್ಣು ಕಳಕೊಂಡು, ಮ್ಯಾಗ ಸುಳ್ಳ ಬ್ಯಾರೆ. ನೋಡು ಅವನ ಸೊಕ್ಕು."

ಕೃಷ್ಣೆಯ ಸೇತುವೆ ಬಂತು, ಗಾಡಿಯ ಸಪ್ಪಳ ಬದಲಾಯಿತು. ಅವನು ಕೈ ತಡಕಿದ. ನಾನು ಹಿಡಿದುಕೊಂಡೆ. ಟವೆಲಿನ ಅಡಿ ಬೆಲೆ ಹೇಳುವವನಂತೆ ನನ್ನ ಬೆರಳನ್ನು ಗಟ್ಟಿಯಾಗಿ ಒತ್ತಿದ.

"ಅಮಾಸಿಗಿ ಅವನ ಗೋರಿಗಿ ಎಡಿ ಒಯ್ತಿಯಲ್ಲ, ತಂಗಿ?"

"ಒಯ್ತೀನಿ."

"ಹೋದಾಗ ಹೇಳು. ಆಶಪ್ಪ ತನ್ನ ಕಣ್ಣಿಲೆ ನೋಡಿದ, ಕರಡಿನ ಬಿತ್ತು, ಮನಿಷಾ ಗೆದ್ದ ಅಂತ ಹೇಳು. ಹಲ್ಲುಪುಡಿ ಮಾತು ಎತ್ತಬ್ಯಾಡ. ಮತ್ತ ನಗಬ್ಯಾಡ ಅಂತನೂ ಹೇಳು ಆ ಮಗಗ. ನಕ್ಕರ ಕಲ್ಲು ತಗೊಂಡ ಬರ್ತಾನಂತ, ಅನ್ನು."