ಚಂದ್ರಿಯ ಹೊಟ್ಟೆಯಲ್ಲಿ ನನ್ನ ಕೈ

ಲಾಕ್‌ಡೌನ್ ಕಳೆದು ಕಾಲೇಜು ಪೂರ್ತಿಯಾಗಿ ತೆರೆದ ವರ್ಷ. ಪಶುವೈದ್ಯ ಪದವಿಯ ಕೊನೆಯ ಹಂತದಲ್ಲಿದ್ದ ನನಗೆ ತಿರುವನಂತಪುರದಲ್ಲಿ ಇಂಟರ್ನ್‌ಶಿಪ್. ಅಪ್ಪ ಅದೇ ಊರಿನ ಕೇಂದ್ರ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಮನೆಯಲ್ಲಿ ಮೈಸೂರಿನ ಕನ್ನಡ, ಹೊರಗೆ ಮಲಯಾಳಂ, ಪರೀಕ್ಷೆಗೆ ಇಂಗ್ಲಿಷ್. ಮೂರು ಭಾಷೆಯಲ್ಲೂ ಸುಳ್ಳು ಹೇಳಬಲ್ಲೆ ಎಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ನಮಗೆ ಕಲಿಸುತ್ತಿದ್ದವರು ಮ್ಯಾಥ್ಯೂ ಸರ್. ವಿದ್ಯೆ ದೊಡ್ಡದು, ನಾಲಿಗೆ ಅದಕ್ಕಿಂತ ಹರಿತ. ಭುಜದವರೆಗಿನ ಪ್ಲಾಸ್ಟಿಕ್ ಗ್ಲೌಸ್ ತೊಟ್ಟು, ಗುದದ್ವಾರದ ಮೂಲಕ ಕೈ ತೂರಿಸಿ, ಒಳಗಿನ ಕರುಳನ್ನು ಮುಟ್ಟಿ ರೋಗ ತಿಳಿಯುವ ರೆಕ್ಟಲ್ ಪರೀಕ್ಷೆ ನಮ್ಮ ವೃತ್ತಿಯ ಮೊದಲ ಪಾಠಗಳಲ್ಲೊಂದು. ಹಸುಗಳಲ್ಲಿ ಇದು ದಿನನಿತ್ಯದ ಕೆಲಸ. ಕುದುರೆಯ ಗುದನಾಳ ಮಾತ್ರ ಬಹಳ ನಾಜೂಕು. ಅದು ತಿಣುಕುವಾಗ ಕೈ ಮುಂದಕ್ಕೆ ಒತ್ತಿದರೆ ಹರಿದುಹೋಗುತ್ತದೆ. ಗ್ಲೌಸಿನ ಮೇಲೆ ರಕ್ತ ಕಂಡರೆ ಆ ಕ್ಷಣವೇ ಹೇಳಬೇಕು. ಬೇಗ ಗೊತ್ತಾದರೆ ಉಳಿಸಲು ದಾರಿಯಿದೆ.

ಇಷ್ಟು ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಇಲ್ಲದ್ದು ಶಹಾನಾಳ ಕಥೆ. ನನ್ನ ಜೊತೆಯ ಇಂಟರ್ನ್ ಅವಳು. ಹಿಂದಿನ ವಾರ ಹಸುವೊಂದನ್ನು ಪರೀಕ್ಷಿಸಿದಾಗ ಗ್ಲೌಸಿಗೆ ಒಂದೆಳೆ ರಕ್ತ ಅಂಟಿದ್ದನ್ನು ತಾನಾಗಿಯೇ ಹೇಳಿದಳು. ಹಸುವಿಗೇನೂ ಆಗಿರಲಿಲ್ಲ. ಸರ್ ಮಾತ್ರ ಅದೇ ಗ್ಲೌಸನ್ನು ಅವಳ ಕೊರಳಿಗೆ ಕಟ್ಟಿಸಿ ಮಧ್ಯಾಹ್ನದವರೆಗೆ ವಾರ್ಡಿನಲ್ಲಿ ಓಡಾಡಿಸಿದರು. ನಾವೆಲ್ಲ ನಕ್ಕೆವು. ನಾನೂ ನಕ್ಕೆ.

ವಿಳಿಂಜಂ ಕಡೆಯ ಖಾಸಗಿ ಸವಾರಿ ಶಾಲೆಯೊಂದರಿಂದ ಒಂದು ಬೆಳಿಗ್ಗೆ ಕರೆ ಬಂತು. ಚಂದ್ರಿ ಎಂಬ ಹೆಣ್ಣುಕುದುರೆ ಹಿಂದಿನ ದಿನದಿಂದ ಲದ್ದಿ ಹಾಕಿಲ್ಲ, ಮತ್ತೆ ಮತ್ತೆ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿದೆ. ಇದು ಕಾಲಿಕ್, ಅಂದರೆ ಕುದುರೆಯ ಹೊಟ್ಟೆಶೂಲೆ. ಅದನ್ನು ನೋಡಿಕೊಳ್ಳುತ್ತಿದ್ದ ಲಾಯದ ಕೆಲಸಗಾರ ಹುಸೇನಪ್ಪ, ವಿಜಯಪುರ ಕಡೆಯವರು, ಐವತ್ತು ದಾಟಿತ್ತು. ನನಗೆ ಕನ್ನಡ ಬರುತ್ತದೆಂದು ತಿಳಿದದ್ದೇ ಅವರ ಮುಖ ಅರಳಿತು.

“ಯವ್ವಾ, ನಮ್ಮ ಮಂದಿ ಸಿಕ್ಕಿ ನೀನು. ಇಕಿ ಮರಿ ಇದ್ದಾಗಿಂದ ನನ್ನ ಕೈಯಾಗ ಬೆಳದಾಳ. ಹಗೂರಕ ನೋಡವಾ.”

ಸರ್ ಮೊದಲು ಪರೀಕ್ಷಿಸಿದರು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಕಲಿಯುವವರಿಗೆ ಕುದುರೆ ಸಿಗುವುದೇ ಅಪರೂಪ; ನಮ್ಮಿಬ್ಬರಿಗೂ ತಲಾ ಮೂವತ್ತು ಸೆಕೆಂಡು ಕೊಟ್ಟು ಗಡಿಯಾರ ನೋಡಿ ಎಣಿಸತೊಡಗಿದರು. ಕುದುರೆ ತಿಣುಕಿದೊಡನೆ ಶಹಾನಾ ಕೈ ಹಿಂದಕ್ಕೆ ತೆಗೆದುಕೊಂಡು, ಏನೂ ಸಿಗಲಿಲ್ಲ ಎಂದಳು. “ಹಾರ್ಬರಿಗೆ ಹೋಗಿ ಮೀನು ಕೊಯ್ಯಿ” ಎಂದರು ಸರ್.

ನನ್ನ ಸರದಿಯಲ್ಲೂ ಚಂದ್ರಿ ತಿಣುಕಿದಳು. ಕೈ ಸಡಿಲ ಬಿಡಬೇಕೆಂದು ನನಗೆ ಗೊತ್ತಿತ್ತು. ಸರ್ ಇಪ್ಪತ್ತಾರು, ಇಪ್ಪತ್ತೇಳು ಅನ್ನುತ್ತಿದ್ದರು. ನಾನು ಒತ್ತಿದೆ. ಬಿಗಿಯಾಗಿದ್ದದ್ದು ಥಟ್ಟನೆ ಸಡಿಲವಾಯಿತು, ಒದ್ದೆ ಬಟ್ಟೆ ಹರಿದ ಹಾಗೆ. ಅದೇ ಕ್ಷಣ ಬೆರಳಿಗೆ ಗಟ್ಟಿ ಮುದ್ದೆ ಸಿಕ್ಕಿತು. “ಪೆಲ್ವಿಕ್ ಫ್ಲೆಕ್ಷರ್ ಇಂಪ್ಯಾಕ್ಷನ್, ಸರ್” ಎಂದೆ. ದೊಡ್ಡ ಕರುಳಿನ ತಿರುವಿನಲ್ಲಿ ಮೇವು ಕಟ್ಟಿಕೊಂಡಿದೆ ಎಂದರ್ಥ. ಸರ್ “ಗುಡ್” ಎಂದರು. ಅಷ್ಟು ದಿನಗಳಲ್ಲಿ ಅವರ ಬಾಯಿಂದ ನನಗೆ ಸಿಕ್ಕ ಮೊದಲ ಮೆಚ್ಚುಗೆ.

ಕೈ ಹೊರತೆಗೆದಾಗ ಗ್ಲೌಸಿನ ಬೆರಳುಗಳು ಕೆಂಪಾಗಿದ್ದವು. ಸರ್ ಔಷಧಿಯ ಕಡೆ ತಿರುಗಿದ್ದರು. ಈ ಗ್ಲೌಸನ್ನು ಭುಜದಿಂದ ಸುರುಳಿ ಮಾಡಿ, ಒಳಮೈ ಹೊರಗಾಗುವಂತೆ ಬಿಚ್ಚುವುದು ನಮ್ಮ ರೂಢಿ. ಕೊಳೆ ಒಳಗೇ ಉಳಿಯಲಿ ಎಂದು. ರಕ್ತವೂ ಒಳಗೇ ಉಳಿಯಿತು. ಬಕೆಟ್ಟಿಗೆ ಎಸೆದೆ. ಮೂಗಿನಿಂದ ನಳಿಗೆ ಇಳಿಸಿ ಕಟ್ಟಿದ ಮೇವು ಜಾರಲೆಂದು ಲಿಕ್ವಿಡ್ ಪ್ಯಾರಫಿನ್ ಎಣ್ಣೆ ಕೊಟ್ಟು ಎಲ್ಲರೂ ಹೊರಟೆವು. ದಾರಿಯಲ್ಲಿ ಹೋಟೆಲಿಗೆ ನುಗ್ಗಿ ಎರಡು ಪೊರೊಟ್ಟ ತಿಂದೆ. ಹಸಿವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮರುದಿನ ಬೆಳಿಗ್ಗೆ ಮತ್ತೆ ಕರೆ. ಚಂದ್ರಿಯ ಮೈಯೆಲ್ಲ ಬೆವರು, ಕಿವಿ ತಣ್ಣಗೆ, ಒಸಡು ಕಪ್ಪುಗೆಂಪು. ಹೊಟ್ಟೆಗೆ ಸೂಜಿ ಚುಚ್ಚಿದರೆ ಲದ್ದಿ ಕಲಸಿದ ಹಸಿರು ನೀರು ಬಂತು. ಸರ್ ಒಳಗೆ ಕೈ ಹಾಕಿ ಗುದನಾಳ ಹರಿದ ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ನಮ್ಮಿಬ್ಬರ ಮುಖ ನೋಡಿದರು. ನನ್ನ ಮುಖ ನೋಡಿದ್ದು ತುಸು ಹೆಚ್ಚು ಹೊತ್ತು. ಅವರಿಗೆ ಗೊತ್ತಾಯಿತು. ಸತ್ಯ ಹೊರಬಂದರೆ ತಮ್ಮ ಹೆಸರೂ ಬರುತ್ತದೆಂಬುದೂ ಗೊತ್ತಿತ್ತು.

ಶಾಲೆಯ ಮಾಲೀಕರಿಗೆ ಅವರು ಮಲಯಾಳಂನಲ್ಲಿ ಹೇಳಿದ್ದಿಷ್ಟು: “ಒರಟು ಮೇವು. ಕರುಳು ಒಡೆದಿದೆ. ಮೇವು ಹಾಕಿದವನ ತಪ್ಪು. ಇನ್ನು ನೋವು ಕೊಡುವುದು ಬೇಡ.” ಆಮೇಲೆ ಪ್ರಾಣ ತೆಗೆಯುವ ಔಷಧಿ ತುಂಬಿದ ಸಿರಿಂಜನ್ನು ನನ್ನ ಕೈಗಿಟ್ಟು ಇಂಗ್ಲಿಷಿನಲ್ಲಿ ಮೆಲ್ಲಗೆ ಅಂದರು: “ನಿನ್ನ ಕೇಸು. ನೀನೇ ಮುಗಿಸು.”

ಶಹಾನಾ ನೆಲ ನೋಡುತ್ತಿದ್ದಳು. ಹುಸೇನಪ್ಪ ಚಂದ್ರಿಯ ತಲೆಯನ್ನು ಎದೆಗವಚಿ ಹಿಡಿದಿದ್ದರು. ನಾನು ಕುತ್ತಿಗೆಯ ರಕ್ತನಾಳ ಹುಡುಕುತ್ತಿದ್ದಾಗ ಕೇಳಿದರು.

“ಯವ್ವಾ, ನಾ ಹಾಕಿದ ಮೇವಿನಿಂದನ ಹಿಂಗಾತೇನು? ಖರೇ ಹೇಳು.”

“ಹೌದು” ಎಂದೆ.

ಚಂದ್ರಿ ಬಿದ್ದ ಮೇಲೆ ಅವರು ಅವಳ ಬಾಯಿಯ ಹಗ್ಗ ಬಿಚ್ಚಿ, ಕಣ್ಣಿನ ಸುತ್ತಲಿನ ನೊಣ ಓಡಿಸುತ್ತ ಕುಳಿತರು. ಮಾಲೀಕರು ಅವತ್ತೇ ಹುಸೇನಪ್ಪನವರ ಗಂಟುಮೂಟೆ ಕಟ್ಟಿಸಿದರು. ನನಗೆ ಆ ಪೋಸ್ಟಿಂಗ್‌ನಲ್ಲಿ ಒಳ್ಳೆಯ ಅಂಕ ಬಂತು.

ಈಗ ಆಲುವದಲ್ಲಿ ನನ್ನದೇ ಕ್ಲಿನಿಕ್ ಇದೆ, ಇಂಟರ್ನ್‌ಗಳು ಬರುತ್ತಾರೆ. ಗ್ಲೌಸ್ ಬಿಚ್ಚುವ ಮೊದಲು ಐದೂ ಬೆರಳನ್ನು ಬೆಳಕಿಗೆ ಹಿಡಿದು ನನಗೆ ತೋರಿಸಬೇಕು ಎಂಬುದು ನನ್ನಲ್ಲಿನ ನಿಯಮ. ರಕ್ತ ತೋರಿಸಿದವರಿಗೆ ನಾನು ಬೈಯುವುದಿಲ್ಲ, ಯಾರನ್ನೂ ನಗಲು ಬಿಡುವುದಿಲ್ಲ. ತಪ್ಪಿನಿಂದ ಸಾಯುವ ಪ್ರಾಣಿಗಳಿಗಿಂತ ತಪ್ಪನ್ನು ಮುಚ್ಚಿಟ್ಟಿದ್ದರಿಂದ ಸಾಯುವವೇ ಹೆಚ್ಚು ಎಂದು ಈ ಕೆಲಸ ನನಗೆ ಕಲಿಸಿದೆ. ಪಾಠ ಒಳ್ಳೆಯದೇ. ಅದರ ಬೆಲೆ ಕೊಟ್ಟವಳು ನಾನಲ್ಲ.

ಹುಸೇನಪ್ಪ ಎಲ್ಲಿಗೆ ಹೋದರೆಂದು ಆಮೇಲೆ ಬಹಳ ವಿಚಾರಿಸಿದೆ, ಯಾರಿಗೂ ತಿಳಿದಿರಲಿಲ್ಲ. ಚಂದ್ರಿಯನ್ನು ತಾನೇ ಕೊಂದೆ ಎಂದು ನಂಬಿಕೊಂಡು ಎಲ್ಲೋ ಬದುಕಿರಬೇಕು. ಸರ್‌ಗೆ ಹೆದರಿ ಸುಮ್ಮನಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಲಾಯದಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ನಾನು “ಅಲ್ಲ” ಅಂದಿದ್ದರೆ ಅವರೊಬ್ಬರಿಗಲ್ಲದೆ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.