ನೀಲಿ ಸ್ವೆಟರಿಗೆ ಬರೆದ ಪಟ್ಟಿ

ನೀವು ಒಮ್ಮೆಯೂ ಕಣ್ಣಿಂದ ಕಾಣದ ಹನ್ನೊಂದು ಮಕ್ಕಳನ್ನು ನಿಮ್ಮ ವಾರ್ಷಿಕ ವರದಿಯಲ್ಲಿ ಕ್ರೈಸ್ತರೆಂದು ಅಚ್ಚು ಹಾಕಿಸಿದಿರಿ. ಅದು ಸುಳ್ಳೆಂದು ತಿಳಿಸಿದ ಮೇಲೂ ತಿದ್ದಲಿಲ್ಲ. ಈ ಮಾತನ್ನು ನಮ್ಮ ಕಡೆಗೆ ಪಾಸ್ಟರನ್ನು ಕಳಿಸಿದ್ದ ಮಿಷನ್ ಮಂಡಳಿಯ ಹಿರಿಯರಿಗೆ ಹೇಳುತ್ತಿದ್ದೇನೆ. ಆ ಸುಳ್ಳನ್ನೇ ಸಾಕ್ಷಿಯೆಂದು ಹಿಡಿದು ಕುಳಿತಿರುವ ನಮ್ಮ ತಾಲ್ಲೂಕು ಕಚೇರಿಯ ಅಧಿಕಾರಿಗಳಿಗೂ ಹೇಳುತ್ತಿದ್ದೇನೆ. ನಿಮ್ಮಿಬ್ಬರ ನಡುವೆ ನನ್ನ ಚಿಕ್ಕಮ್ಮನ ಮಗಳು ರೂತಳ ಒಂದು ವರ್ಷ ಹಾಳಾಯಿತು. ಇನ್ನೊಂದು ಹಾಳಾಗುವುದರಲ್ಲಿದೆ.

ಕಳೆದ ವಾರ ರೂತಳ ಕಾಗದಪತ್ರಗಳಿಗಾಗಿ ಅವ್ವನ ಟ್ರಂಕು ತೆರೆದೆ. ಮುಚ್ಚಳ ಎತ್ತಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ತಳದಲ್ಲಿ ಒಂದು ನೀಲಿ ಸ್ವೆಟರು, ಹತ್ತು ವರ್ಷದ ಹುಡುಗಿಯ ಅಳತೆಯದು. ಕೊರಳಪಟ್ಟಿಯ ಒಳಗೆ ಬಿಳಿ ದಾರದಲ್ಲಿ ಹೊಲಿದ ಹೆಸರು ಇನ್ನೂ ಬಿಚ್ಚಿರಲಿಲ್ಲ: ಎಸ್ತೇರ. ಅದು ನನ್ನ ಶಾಲೆಯ ಹೆಸರು. ಹೊಲಿದವರು ಅಕ್ಕೋರು…

ಅಕ್ಕೋರು ಎಂದರೆ ನಮ್ಮ ಕಡೆ ಶಿಕ್ಷಕಿ. ಆಕೆ ಸರಕಾರ ನೇಮಿಸಿದ ಶಿಕ್ಷಕಿಯಲ್ಲ. ಮಂಡಳಿ ಕಳಿಸಿದ ಪಾಸ್ಟರ ಹೆಂಡತಿ. ಕರಾವಳಿಯಿಂದ ಬಂದವರು. ಮುಧೋಳಕ್ಕೂ ಬೀಳಗಿಗೂ ನಡುವೆ, ಬಸ್ಸಿಳಿದು ಗುಡ್ಡ ಹತ್ತಿ ಇಳಿದರೆ ಸಿಗುವ ನಮ್ಮ ಬೇಟೆಗಾರರ ಗುಡಿಸಲುಗಳ ಅಂಚಿಗೆ ಒಂದು ತಗಡಿನ ಮನೆ ಕಟ್ಟಿಕೊಂಡು, ಗಂಡ ಮತ್ತು ನಾಲ್ಕು ವರ್ಷದ ಮಗನೊಂದಿಗೆ ಇದ್ದರು. ಭಾನುವಾರ ಪಾಸ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರಸಂಗ ಮಾಡುತ್ತಿದ್ದರು. ಕೇಳುವವರು ಹೆಂಡತಿ, ಮಗ ಇಬ್ಬರೇ. ನಾವು ಕಿಟಕಿಯ ಸರಳು ಹಿಡಿದು ನಿಂತು, ಹಾಡು ಬಂದಾಗ ಮಾತ್ರ ದನಿಗೂಡಿಸುತ್ತಿದ್ದೆವು.

ನಮ್ಮಲ್ಲಿ ಯಾರೂ ನೀರಲ್ಲಿ ಮುಳುಗಿ ಕ್ರೈಸ್ತರಾಗುವ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ. ಜ್ವರಕ್ಕೆ ಅಕ್ಕೋರ ಗುಳಿಗೆ ಬೇಕಿತ್ತು, ಹೆರಿಗೆಗೆ ಅಕ್ಕೋರ ಕೈ ಬೇಕಿತ್ತು. ದೇವರ ಮಾತು ಬಂದಾಗ ನನ್ನ ಅಜ್ಜಿ (ಆಯಿ ಎನ್ನುತ್ತಿದ್ದೆವು) ಎಲೆ ಅಡಿಕೆ ತುಂಬಿದ ಬಾಯಲ್ಲೇ ನಗುತ್ತಿದ್ದಳು. “ದಿನಾ ಹಳ್ಳದಾಗ ಮುಳುಗಿ ಏಳ್ತೀವಲ್ರೀ ಅಕ್ಕೋರ. ನಿಮ್ಮ ಒಂದ್ ಮುಳುಗಿಗೆ ಬ್ಯಾರೆ ಏನ್ ಸಿಗತೈತಿ?”

“ಎಂತ ಸಿಗ್ತದೆ ಅಂತ ನೀವು ಮುಳುಗಿದ ಮೇಲೆ ನನಗೂ ಹೇಳಿ” ಎಂದು ಅಕ್ಕೋರು ಆಕೆಗಿಂತ ಜೋರಾಗಿ ನಗುತ್ತಿದ್ದರು. ಪಾಸ್ಟರು ಮಾತ್ರ ನಗುತ್ತಿರಲಿಲ್ಲ. ಮಂಡಳಿಯಿಂದ ಪತ್ರ ಬಂದ ದಿನ ಅವರು ಊಟ ಬಿಡುತ್ತಿದ್ದುದು ನನಗೆ ನೆನಪಿದೆ. ಆ ಪತ್ರಗಳಲ್ಲಿ ಒಂದೇ ಪ್ರಶ್ನೆ ಇರುತ್ತಿತ್ತೆಂದು ಬಹಳ ತಡವಾಗಿ ತಿಳಿಯಿತು: ಎಷ್ಟು ಮಂದಿ?

ನಮ್ಮನ್ನು ಶಾಲೆಗೆ ಸೇರಿಸಿದವರು ಅಕ್ಕೋರೇ. ಅದು ಸುಲಭದ ಕೆಲಸವಾಗಿರಲಿಲ್ಲ. ನಮ್ಮ ಜನ ಮಕ್ಕಳಿಗೆ ಮನೆಯಲ್ಲಿ ಇಟ್ಟ ಹೆಸರನ್ನು ಹೊರಗಿನವರ ಮುಂದೆ ಉಚ್ಚರಿಸುವುದಿಲ್ಲ; ಕಾಗದದ ಮುಂದಂತೂ ಇಲ್ಲವೇ ಇಲ್ಲ. ಬ್ರಿಟಿಷರ ಕಾಲದಲ್ಲಿ ನಮ್ಮವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪುಸ್ತಕದಲ್ಲಿ ಬರೆದು, ದಿನವೂ ಹೆಸರು ಕೂಗಿ ಹಾಜರಿ ಹಾಕುತ್ತಿದ್ದರು. ಆ ಪುಸ್ತಕ ಹೋಗಿ ಎಷ್ಟೋ ಕಾಲವಾದರೂ ಅದರ ಭಯ ಹೋಗಿರಲಿಲ್ಲ.

ಎರಡು ಮೈಲಿ ನಡೆದು ಹೋದ ಹನ್ನೊಂದು ಮಕ್ಕಳನ್ನು ಕಂಡು ಹೆಡ್ಮಾಸ್ತರು ತಲೆ ಕೆರೆದುಕೊಂಡರು. “ಹೆಸರಿಲ್ಲದ ಹುಡುಗ್ರನ್ನ ಯಾವ ಸಾಲಿನ್ಯಾಗ ಬರೀಲ್ರೀ ಅಕ್ಕೋರ? ಇವತ್ತ ಕಡೀ ದಿನ ಐತಿ.”

ಜೊತೆಗೆ ಬಂದಿದ್ದ ಆಯಿ ನಮ್ಮನ್ನೆಲ್ಲ ಸೆರಗಿನ ಹಿಂದೆ ಎಳೆದುಕೊಂಡಳು. “ಹೆಸರ ಬರಿಸಿದವ್ರು ಯಾರೂ ಹೊಳ್ಳಿ ಬಂದಿಲ್ರೀ. ಸಾಲೀನೂ ಬ್ಯಾಡ, ಏನೂ ಬ್ಯಾಡ.”

ಅಕ್ಕೋರು ಶಾಲೆಯ ಕಟ್ಟೆಯ ಮೇಲೆ ಅರ್ಜಿಗಳನ್ನು ಹರಡಿಕೊಂಡು ಕುಳಿತರು. ಆಮೇಲೆ, “ಹಾಗಾದ್ರೆ ನನ್ನ ಮನೆಯವರ ಹೆಸರು ಹಾಕ್ತೇನೆ. ನಿಮ್ಮದು ನಿಮ್ಮಲ್ಲೇ ಇರ್ಲಿ. ಆಗಬಹುದಾ?” ಎಂದರು.

ಆಯಿ ಯೋಚಿಸಿದಳು. “ಅಂದ್ರ ನಾಳಿ ಪೊಲೀಸ್ರು ಬಂದ್ರ ನಿಮ್ಮ ಮನಿಯವ್ರನ್ನ ಹುಡುಕ್ತಾರ?”

“ಹೌದು. ಅವರನ್ನೇ.”

“ಹಂಗಾದ್ರ ಬರೀರಿ.”

ಹೀಗೆ ನನಗೆ ಅಕ್ಕೋರ ತಾಯಿಯ ಹೆಸರು ಬಂತು. ಎಲ್ಲರಿಗಿಂತ ಸಣ್ಣವಳಾದ ರೂತಳಿಗೆ ಅವರ ತಂಗಿಯದು. ಉಳಿದವರಿಗೆ ಅಣ್ಣಂದಿರು, ಸೋದರಮಾವಂದಿರು, ಒಬ್ಬ ಭಾವ. ಜಾತಿಯ ಅಂಕಣದಲ್ಲಿ ಮಾತ್ರ ನಮ್ಮ ಬುಡಕಟ್ಟಿನ ಹೆಸರನ್ನು ಅಕ್ಷರ ತಪ್ಪದಂತೆ ಬರೆದರು. ಮಾರನೆಯ ದಿನದಿಂದ ನಾನು ಬೇವಿನ ಮರ ಹತ್ತಿದರೆ ಅಕ್ಕೋರು ಕೆಳಗೆ ನಿಂತು, “ಅಮ್ಮಾ, ಇಳಿಯಮ್ಮಾ, ಈ ವಯಸ್ಸಿನಲ್ಲಿ ಇದು ಬೇಕಾ ನಿನಗೆ?” ಎಂದು ಕೈಮುಗಿಯುತ್ತಿದ್ದರು.

ಆ ವರ್ಷದ ಚಳಿಗೆ ನಮ್ಮ ಮೈಮೇಲೆ ಏನೂ ಇರಲಿಲ್ಲ. ಅಕ್ಕೋರು ಹನ್ನೊಂದು ಹೆಸರು, ವಯಸ್ಸು, ಎದೆಯ ಅಳತೆ ಬರೆದು ಮಂಡಳಿಗೆ ಕಳಿಸಿದರು. ಕ್ರಿಸ್ಮಸ್ಸಿಗೆ ಹನ್ನೊಂದು ನೀಲಿ ಸ್ವೆಟರು ಬಂದವು. ಒಬ್ಬರದು ಒಬ್ಬರು ಕಸಿಯಬಾರದೆಂದು ಒಂದೊಂದರ ಕೊರಳಲ್ಲೂ ಹೆಸರು ಹೊಲಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಪಾಸ್ಟರಿಗೆ ವರ್ಗವಾಯಿತು. ಸಾಮಾನು ತುಂಬಿದ ಟೆಂಪೋ ಹೊರಡುವ ಮುನ್ನ ಆಯಿ ಅಕ್ಕೋರ ತಲೆಯನ್ನು ಎರಡೂ ಕೈಯಿಂದ ಹತ್ತಿರಕ್ಕೆ ಎಳೆದು, ಕಿವಿಯಲ್ಲಿ ನನ್ನ ಮನೆಯ ಹೆಸರು ಹೇಳಿದಳು. ಹೊರಗಿನವರಿಗೆ ಆಕೆ ಅದನ್ನು ಹೇಳಿದ್ದು ಅದೊಂದೇ ಸಲ.

ನಾನು ಓದಿದ್ದು ಸಾಮಾನ್ಯ ವರ್ಗದಲ್ಲಿ. ಅವ್ವ ರಬಕವಿಯ ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಿ ಓದಿಸಿದಳು. ನನ್ನ ಜಾತಿ ಪ್ರಮಾಣಪತ್ರದ ಅರ್ಜಿ ಕ್ರೈಸ್ತ ಹೆಸರಿನ ಕಾರಣಕ್ಕೆ ಹಿಂದಿರುಗಿದಾಗ, ಓದಲು ಧಾರವಾಡಕ್ಕೆ ಹೊರಡುವ ಅವಸರದಲ್ಲಿ ಅದನ್ನು ಅಲ್ಲಿಗೇ ಬಿಟ್ಟೆ. ಇದು ನನ್ನ ತಪ್ಪು. ಅಂದೇ ಜಗಳವಾಡಿದ್ದರೆ ರೂತಳ ಸರದಿಯವರೆಗೆ ಬರುತ್ತಿರಲಿಲ್ಲ. ಜಮಖಂಡಿಯಲ್ಲಿ ಅವಳಿಗೆ ಸಿಗಬೇಕಿದ್ದ ನರ್ಸಿಂಗ್ ಸೀಟು ಪ್ರಮಾಣಪತ್ರವಿಲ್ಲದೆ ಕೈತಪ್ಪಿದ ದಿನ ಅಕ್ಕೋರ ನಂಬರು ಹುಡುಕಿ ಫೋನು ಮಾಡಿದೆ. ಕುಶಲ ಕೇಳಲಿಲ್ಲ. “ನೀವು ನಮಗೆ ಹೆಸರು ಕೊಡಲಿಲ್ಲ, ಇದ್ದದ್ದನ್ನು ಕಸಿದಿರಿ” ಎಂದೆ.

“ನಾನು ಬರ್ತೇನೆ ಅಮ್ಮಾ” ಎಂದರು. “ಬರೆದವಳು ನಾನು. ಬಂದು ಹೇಳ್ತೇನೆ.”

ಬಂದರು. ಬಸ್ಸಿಂದ ಇಳಿಸಿಕೊಳ್ಳಲು ನಾನು ಕೈ ಹಿಡಿಯಬೇಕಾಯಿತು, ಅಷ್ಟು ಸೋತಿದ್ದರು. ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ನನ್ನ ಮತ್ತು ರೂತಳ ನಡುವೆ ಮಧ್ಯಾಹ್ನದವರೆಗೆ ಕುಳಿತರು. ಗುಮಾಸ್ತ ಫೈಲು ತೆರೆದ. “ಹೆಸರು ನೋಡಿದ್ರ ರೂತ. ಜಾತಿ ನೋಡಿದ್ರ ಬ್ಯಾರೆ. ನಾವು ಯಾವದನ್ನ ನಂಬೂದ್ರೀ?”

“ಎರಡೂ ನಾನೇ ಬರೆದದ್ದು” ಎಂದರು ಅಕ್ಕೋರು. “ಜಾತಿ ಅವಳದ್ದು. ಹೆಸರು ನನ್ನ ತಂಗಿಯದ್ದು.”

“ಹಂಗಾದ್ರ ಖರೆ ಹೆಸರು ಹೇಳ್ರಿ, ಬರಕೋತೀನಿ.”

“ಅದನ್ನು ಹೇಳುವ ಹಕ್ಕು ನನಗಿಲ್ಲ.”

ಪರಿಶಿಷ್ಟ ಪಂಗಡದವರ ಸ್ಥಾನ ಧರ್ಮದ ಮೇಲೆ ನಿಂತಿಲ್ಲ, ಇವಳು ಯಾವ ದೇವರಿಗೆ ಕೈಮುಗಿದರೂ ನೀವು ಪತ್ರ ಕೊಡಲೇಬೇಕು ಎಂದು ನಾನು ವಾದಿಸಿದೆ. ಆತ ಕನ್ನಡಕದ ಮೇಲಿಂದ ನೋಡಿದ. “ಕಾನೂನು ನಿಮಗ ಗೊತ್ತೈತಿ ತಂಗಿ, ಫೈಲು ನಮಗ ಗೊತ್ತೈತಿ. ಇದಕ್ಕೇನಂತೀರಿ?” ಎಂದು ಒಂದು ಹಳೆಯ ಪುಸ್ತಿಕೆಯ ಜೆರಾಕ್ಸ್ ಪ್ರತಿಯನ್ನು ಮುಂದೆ ತಳ್ಳಿದ. ಯಾರೋ ಆಕ್ಷೇಪಣೆ ಬರೆದು ಅದನ್ನು ಲಗತ್ತಿಸಿದ್ದರು. ಮಂಡಳಿಯ ವಾರ್ಷಿಕ ವರದಿ. ‘ಈ ವರ್ಷ ಸತ್ಯವನ್ನು ಅಂಗೀಕರಿಸಿದವರು’ ಎಂಬ ತಲೆಬರಹ. ಕೆಳಗೆ ಹನ್ನೊಂದು ಹೆಸರು, ಹನ್ನೊಂದು ವಯಸ್ಸು. ಮೊದಲು ಎಸ್ತೇರ, ಕೊನೆಗೆ ರೂತ.

ಅಕ್ಕೋರು ಅದನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. ಬೆರಳು ಒಂದೊಂದೇ ಹೆಸರಿನ ಮೇಲೆ ಇಳಿಯುತ್ತಾ ಹೋಯಿತು. “ಇದು ಸ್ವೆಟರಿನ ಪಟ್ಟಿ, ಮಾರಾಯ್ತಿ” ಎಂದರು. “ಅನುಕ್ರಮ ಕೂಡ ನನ್ನದೇ. ಎದೆಯ ಅಳತೆ ಮಾತ್ರ ತೆಗೆದಿದ್ದಾರೆ.”

ಪಾಸ್ಟರಿಗೆ ಇದು ತಿಳಿದಿತ್ತೇ? ಎಷ್ಟು ಮಂದಿ ಎಂಬ ಪ್ರಶ್ನೆಗೆ ಉತ್ತರ ಸಿಗದ ಯಾವುದೋ ದಿನ ಅವರೇ ಆ ಪಟ್ಟಿಗೆ ಬೇರೆ ಅರ್ಥ ಬರೆದರೇ, ಅಥವಾ ಅದು ಮಂಡಳಿಯ ಮೇಜಿನ ಮೇಲೆ ನಡೆದ ಕೆಲಸವೇ? ನಾನು ಕೇಳಲಿಲ್ಲ. ಅಕ್ಕೋರು ಮನೆಗೆ ಹೋಗಿ ಕೇಳಿರಬಹುದು… ಆ ಮನೆಯಲ್ಲಿ ಅಂದು ಏನಾಯಿತೆಂದು ಊಹಿಸಲು ನನಗೆ ಧೈರ್ಯವಿಲ್ಲ.

ಆ ಸಂಜೆ ಬಸ್ ನಿಲ್ದಾಣದಲ್ಲಿ ಕುಳಿತೇ ಅವರು ಮಂಡಳಿಗೆ ಪತ್ರ ಬರೆದರು. ಈ ಮಕ್ಕಳಲ್ಲಿ ಯಾರಿಗೂ ದೀಕ್ಷಾಸ್ನಾನವಾಗಿಲ್ಲ, ಹೆಸರು ನಾನು ಕೊಟ್ಟದ್ದು, ವರದಿ ತಪ್ಪೆಂದು ಒಂದು ಪುಟ ಬರೆದುಕೊಡಿ ಎಂದು ಕೇಳಿದರು. ಪ್ರತಿಯನ್ನು ನನ್ನ ಕೈಗೆ ಕೊಟ್ಟರು. ಉತ್ತರ ಬರಲಿಲ್ಲ. ಮತ್ತೆ ಎರಡು ಸಲ ಬರೆದರು, ಆಗಲೂ ಇಲ್ಲ. ಈ ವರ್ಷದ ಬೇಸಿಗೆಯಲ್ಲಿ ಅವರ ಮಗ ಫೋನು ಮಾಡಿ, ಅಮ್ಮ ಹೋದರು, ಮಣ್ಣೂ ಆಯಿತು ಎಂದ. ಫೋನಿನಲ್ಲಿ ಆಡಿದ ಆ ಮಾತಿಗೆ ನಾನು ಕ್ಷಮೆ ಕೇಳಿರಲಿಲ್ಲ. ಬಸ್ಸು ಹತ್ತಿಸುವಾಗ ಕೇಳಬೇಕೆಂದಿದ್ದೆ. ಅವರು ಕಿಟಕಿಯಿಂದ, “ಜಾಗ್ರತೆ ಅಮ್ಮಾ” ಎಂದರು, ಬಸ್ಸು ಹೊರಟಿತು.

ಆಯಿ ಹೇಳಿದ್ದು ನಿಜವಾಯಿತು. ಬರೆದ ಹೆಸರು ನಮ್ಮನ್ನು ಹಿಡಿಯಿತು. ಆದರೆ ಹಿಡಿದುಕೊಟ್ಟವರು ಅಕ್ಕೋರಲ್ಲ. ಚಳಿಯಲ್ಲಿ ನಡುಗುವ ಮಕ್ಕಳ ಎದೆಯ ಅಳತೆಯನ್ನು ಅಳಿಸಿ, ಉಳಿದದ್ದನ್ನು ತಮ್ಮ ಗೆಲುವೆಂದು ಮೆರೆಸಿದವರು ನೀವು.

ಆದ್ದರಿಂದ ಮಂಡಳಿಯ ಹಿರಿಯರಲ್ಲಿ ನನ್ನ ಔಪಚಾರಿಕ ಕೋರಿಕೆ ಇದು: ಆ ವರ್ಷದ ವರದಿಯಲ್ಲಿನ ಹನ್ನೊಂದು ಹೆಸರುಗಳು ಅಲ್ಲಿಗೆ ಹೇಗೆ ಬಂದವೆಂದು ಲಿಖಿತವಾಗಿ ತಿಳಿಸಿ, ಅದು ತಪ್ಪೆಂಬ ಪತ್ರವನ್ನು ಕಚೇರಿಗೆ ಕಳಿಸಿ. ನಿಮ್ಮ ಕಾರ್ಯಕರ್ತನ ಹೆಂಡತಿಯ ಮೂರು ಪತ್ರಗಳಿಗೆ ಏಕೆ ಉತ್ತರಿಸಲಿಲ್ಲವೆಂದೂ ತಿಳಿಸಿ. ತಾಲ್ಲೂಕು ಕಚೇರಿಯ ಅಧಿಕಾರಿಗಳಲ್ಲಿ: ಕಾನೂನು ಕೇಳದ ಮಂಡಳಿಯ ಆ ಪತ್ರಕ್ಕಾಗಿ ಕಾದು ಕೂರದೆ, ಈ ಸಾಲಿನ ದಾಖಲಾತಿ ಮುಗಿಯುವ ಮೊದಲು ರೂತಳ ಪ್ರಮಾಣಪತ್ರ ನೀಡಿ, ಇಲ್ಲವಾದರೆ ನಿರಾಕರಣೆಯ ಕಾರಣವನ್ನು ಸಹಿ ಹಾಕಿ ಕೊಡಿ.

ಉತ್ತರವನ್ನು ಎಸ್ತೇರ ಎಂಬ ಹೆಸರಿಗೇ ಕಳಿಸಿ. ಅದು ಅಕ್ಕೋರ ತಾಯಿಯ ಹೆಸರು, ಅದನ್ನು ನಾನು ಬಿಡುವುದಿಲ್ಲ. ನನ್ನ ಇನ್ನೊಂದು ಹೆಸರನ್ನು ಅವರು ಯಾವ ಕಾಗದಕ್ಕೂ ಕೊಡದೆ ತಮ್ಮೊಂದಿಗೆ ತೆಗೆದುಕೊಂಡು ಹೋಗಿದ್ದಾರೆ. ಅದನ್ನು ಕೇಳಬೇಡಿ.