ಆಯುಧಪೂಜೆಗಿಟ್ಟ ಬಿಲ್ಲೆ

ಕೊಯಮತ್ತೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ರಾಮಲಿಂಗ ನೇಕಾರರ ಮನೆಯ ಮಗ. ೧೯೮೭ರ ಆಯುಧಪೂಜೆಗೆ ಅಪ್ಪನ ಲಾಳಿಯ ಪಕ್ಕ, ಪ್ರಯೋಗಕ್ಕೆಂದು ತಾನು ಕುಲುಮೆಯಲ್ಲಿ ಸುಟ್ಟು ಮಾಡಿದ ಕರೀ ಬಿಲ್ಲೆಯನ್ನೂ ಇಟ್ಟ. ಅವನ ಆಯುಧ ಅದೇ ತಾನೆ!

ಪೂಜೆ ಕಳೆದ ಮೇಲೆ ಕಾಲೇಜಿನ ಲ್ಯಾಬಿನಲ್ಲಿ ವಿದ್ಯಾರ್ಥಿಗಳು ಮೇಜಿನ ಸುತ್ತ ನೆರೆದರು. ಪಶುಆಸ್ಪತ್ರೆಯಿಂದ ಕಾಡಿಬೇಡಿ ತಂದಿದ್ದ ದ್ರವ ಸಾರಜನಕವನ್ನು ರಾಮಲಿಂಗ ಬಿಲ್ಲೆಯ ಮೇಲೆ ಸುರಿದ. ಆ ಕೊರೆವ ಚಳಿಯಲ್ಲಿ ಬಿಲ್ಲೆ ನಿಜಕ್ಕೂ ಅತಿವಾಹಕವಾಗಿದ್ದರೆ, ಅಂದರೆ ವಿದ್ಯುತ್ತನ್ನು ಒಂದಿಷ್ಟೂ ತಡೆಯದೆ ಹರಿಸುವಂತಿದ್ದರೆ, ಅದರ ಮೇಲಿಟ್ಟ ಆಯಸ್ಕಾಂತ ಗಾಳಿಯಲ್ಲಿ ತೇಲಬೇಕು. ಬಿಳಿ ಹೊಗೆ ಸರಿಯಿತು. ಆಯಸ್ಕಾಂತ ಜಪ್ಪಯ್ಯ ಅಂದರೂ ಏಳಲಿಲ್ಲ.

ಮನೆಗೆ ಬಂದವನೇ ಸಿಡುಕಿದ: “ಅಮ್ಮಾ, ಆ ಬಿಲ್ಲೆಗೆ ಏನು ಮಾಡ್ದೆ?”

“ಮಸಿ ಹೋಗ್ಲಿ ಅಂತ ಬಿಸಿನೀರಲ್ಲಿ ನೆನೆಹಾಕಿ ತೊಳ್ದು, ಸಂದನದ ಬೊಟ್ಟು ಇಟ್ಟೆ ಸಾಮಿ,” ಎಂದಳು ತುಳಸಮ್ಮ.

ನೀರು ತಾಕಿದರೆ ಬಿಲ್ಲೆ ಸತ್ತಂತೆ ಎಂದು ವಿದ್ಯಾರ್ಥಿಗಳಿಗೆ ನೂರು ಸಲ ಗದರಿದ್ದ. ಅಮ್ಮನಿಗೆ ಒಂದು ಸಲವೂ ಹೇಳಿರಲಿಲ್ಲ.